ದಲಂದಾಳ ಎತ್ತಂಗಡಿ

ಸಮನ್ಸಿನ ಮೇಲಿದ್ದ ಹೆಸರು ಕಂಡು ಗುಮಾಸ್ತ ತಿಜಾನಿಯ ಕೈ ಅಲ್ಲೇ ನಿಂತಿತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ನೌಫಲ್ ಝರ್ರೂಕ್, ದೇಶದ ಅಧ್ಯಕ್ಷ.

“ಲಲ್ಲಾ, ಇದನ್ನ ನಿಜವಾಗ್ಲೂ ಕಳಿಸ್ತೀರಾ?”

“ಮೊಹರು ಒತ್ತಿ, ಸೀ ತಿಜಾನಿ. ಕೈ ನಡುಗಿದ್ರೆ ನಾನೇ ಒತ್ತಿಕೊಳ್ತೀನಿ,” ಎಂದಳು ತನಿಖಾ ನ್ಯಾಯಾಧೀಶೆ ದಲಂದಾ. ಆ ನಾಡಿನಲ್ಲಿ ಹೆಂಗಸರಿಗೆ ಲಲ್ಲಾ, ಗಂಡಸರಿಗೆ ಸೀ ಎನ್ನುವುದು ಮರ್ಯಾದೆಯ ಮಾತು.

ಟ್ಯೂನಿಸ್‌ನ ಹೊರವಲಯದ ಕಡಲ ದಂಡೆಯಲ್ಲಿ ಅಧ್ಯಕ್ಷ ತನ್ನ ಬೇಸಿಗೆ ಮನೆಗೆ ಗೋಡೆ ಎಬ್ಬಿಸಿದ್ದ. ದೋಣಿ ಎಳೆಯಲು ಜಾಗವಿಲ್ಲವೆಂದು ಮೀನುಗಾರರು ದೂರು ಕೊಟ್ಟಿದ್ದರು. ಆದರೆ ಕುರ್ಚಿಯಲ್ಲಿ ಕೂತಿರುವ ಅಧ್ಯಕ್ಷನನ್ನು ಯಾವ ನ್ಯಾಯಾಲಯವೂ ಕರೆಸುವಂತಿಲ್ಲ. ಕಾನೂನು ಓದಲು ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠವದು. ಹದಿನೆಂಟು ವರ್ಷದಿಂದ ನ್ಯಾಯಾಧೀಶೆಯಾಗಿರುವವಳಿಗೆ ಗೊತ್ತಿಲ್ಲವೇ? ಇವಳಿಗೆ ಪತ್ರಿಕೆಯಲ್ಲಿ ಫೋಟೋ ಬರುವ ಹುಚ್ಚು ಹಿಡಿದಿದೆ ಎಂದುಕೊಂಡ ತಿಜಾನಿ.

ಹಾಗೆ ಅಂದುಕೊಳ್ಳಲು ಅವನಿಗೊಂದು ಕಾರಣವೂ ಇತ್ತು. ತಿಂಗಳ ಹಿಂದೆ ದಕ್ಷಿಣದ ಯಾವುದೋ ಊರಿನಿಂದ ಮಬ್ರೂಕಾ ಎಂಬ ವಿಧವೆ ಹತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದಳು. ಗಂಡನಿಗೆ ಕಾರು ಗುದ್ದಿತ್ತು. ಗುದ್ದಿದವನು ನಿಲ್ಲಿಸದೆ ಹೋಗಿದ್ದ. ದಲಂದಾ ಅವಳ ಅರ್ಜಿಯನ್ನು ಎರಡೆರಡು ಬಾರಿ ಓದಿ, ಮಡಚಿ, ವಾಪಸ್ಸು ಕೈಗಿಟ್ಟಳು.

“ನಿಮ್ಮೂರಲ್ಲಿ ನಡೆದದ್ದಕ್ಕೆ ನಿಮ್ಮೂರ ನ್ಯಾಯಾಧೀಶರೇ ಬೇಕಮ್ಮ. ಇಲ್ಲಿಂದ ನನ್ನ ಕೈ ಅಲ್ಲಿಗೆ ಎಟುಕಲ್ಲ.”

ಆ ಹೆಂಗಸನ್ನು ಬಾಗಿಲವರೆಗೆ ಬಿಟ್ಟುಬಂದವನು ತಿಜಾನಿಯೇ. ಬಡವಿಯ ಕಣ್ಣೀರಿಗೆ ಕರಗದವಳು ಈಗ ಮರಳಿನ ಮೇಲಿನ ಗೋಡೆಗಾಗಿ ಅಧ್ಯಕ್ಷನ ಮೇಲೆ ತೋಳೇರಿಸಿದ್ದಾಳೆ! ಹೀಗೆಲ್ಲ ಯೋಚಿಸಿದ ಮೇಲೆ ಅವನಿಗೆ ತಾನು ಮಾಡುವ ಕೆಲಸ ಅಷ್ಟೇನೂ ತಪ್ಪೆನಿಸಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಅಧ್ಯಕ್ಷರ ಅರಮನೆಗೆ ಫೋನು ಹಚ್ಚಿದ. ಹೀಗೆ ಸುದ್ದಿ ಮುಟ್ಟಿಸುತ್ತ ಅವನಿಗೆ ಆರು ವರ್ಷ. ಮುಖ್ಯ ಗುಮಾಸ್ತನ ಹುದ್ದೆ ಕೊಡುತ್ತೇವೆಂದು ಅವರೂ ಆರು ವರ್ಷದಿಂದ ಹೇಳುತ್ತಿದ್ದರು.

ಸಂಜೆಯೊಳಗೆ ಊರೆಲ್ಲ ಗುಲ್ಲೋ ಗುಲ್ಲು. ಸಮನ್ಸನ್ನು ಅರಮನೆಯ ವಕೀಲರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ರೇಡಿಯೋದಲ್ಲಿ ಅವಳನ್ನು ದೇಶದ್ರೋಹಿ ಅಂದರು. ಜೊತೆಯ ನ್ಯಾಯಾಧೀಶರು ಮೊಗಸಾಲೆಯಲ್ಲಿ ಅವಳನ್ನು ಕಂಡರೆ ಗೋಡೆಯ ಬಣ್ಣ ನೋಡತೊಡಗಿದರು. ದಲಂದಾ ಮಾತ್ರ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಪತ್ರಕರ್ತರಿಗೆ ಹೇಳಿದಳು: “ಗೋಡೆ ಯಾರಪ್ಪನದು ಅಂತ ಕೇಳಿದೆ. ನಾಳೇನೂ ಕೇಳ್ತೀನಿ.”

ಅರಮನೆಯ ದನಿ ತಿಜಾನಿಗೆ ತಾನಾಗಿಯೇ ಫೋನು ಮಾಡಿತು. “ಕೆಲಸದಿಂದ ಕಿತ್ತುಹಾಕಿದ್ರೆ ಹುತಾತ್ಮೆ ಆಗ್ತಾಳೆ. ಎತ್ತಂಗಡಿ ಮಾಡೋಣ. ಎಲ್ಲಿಗೆ ಹಾಕಿದ್ರೆ ಉರಿಯುತ್ತೆ, ವಿಚಾರಿಸಿ ಹೇಳು.”

ಮರುದಿನ ಪುದೀನ ಚಹಾ ಕುಡಿಯುವಾಗ ತಿಜಾನಿ ಮೆಲ್ಲಗೆ ಮಾತು ತೆಗೆದ. “ನನಗೆ ಸಂಕಟ ಆಗ್ತಿದೆ ಲಲ್ಲಾ. ನಿಮ್ಮನ್ನ ಎಲ್ಲಿಗಾದ್ರೂ ಎತ್ತಿ ಹಾಕಿದ್ರೆ?”

“ಹಾಕ್ಲಿ ಬಿಡಿ. ಗುಡ್ಡಕ್ಕೆ ಹಾಕ್ಲಿ, ಗಡಿಗೆ ಹಾಕ್ಲಿ.” ಕೆಮ್ಮು ಬಂತು. ಕೆಮ್ಮುತ್ತ ಕೆಮ್ಮುತ್ತ ದನಿ ತಗ್ಗಿಸಿದಳು. “ದಕ್ಷಿಣದ ಆ ಬೀರ್ ಸಫ್ಸಾಫ್ ಅನ್ನೋ ಊರೊಂದು ಬೇಡಪ್ಪ. ನನ್ನ ಎದೆಗೆ ಆ ಧೂಳು ಆಗಲ್ಲ, ಅಲ್ಲಿ ನಾನು ಉಳಿಯೋದಿಲ್ಲ. ಇದು ನಿಮ್ಮ ಹೊಟ್ಟೇಲೇ ಇರ್ಲಿ.”

ತಿಜಾನಿಯ ಹೊಟ್ಟೆಯಲ್ಲಿ ಅದು ಚಹಾ ಆರುವವರೆಗೂ ಉಳಿಯಲಿಲ್ಲ.

ಹತ್ತನೇ ದಿನ, ಕಟ್ಟು ಕಾಗದಗಳ ನಡುವೆ ಓದದೇ ಹಾಕಿದ ಅಧ್ಯಕ್ಷನ ಸಹಿಯೊಂದಿಗೆ ಆದೇಶ ಬಂತು. ದಲಂದಾ, ಬೀರ್ ಸಫ್ಸಾಫ್ ನ್ಯಾಯಾಲಯಕ್ಕೆ. ಅವಳು ಓದಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ತಿಜಾನಿ ನೀರಿನ ಲೋಟವನ್ನು ಅವಳತ್ತ ಸರಿಸಿದ. ಆಮೇಲೆ ಎರಡನೆಯ ಹಾಳೆ ತಿರುವಿದ. ಅದರಲ್ಲಿ ಇದ್ದದ್ದು ಅವನದೇ ಹೆಸರು, ಅದೇ ಊರಿಗೆ. “ಅವಳ ಮೇಲೊಂದು ಕಣ್ಣಿಡು,” ಎಂದಿತು ಫೋನು. “ನಿನ್ನಷ್ಟು ನಂಬಿಕಸ್ಥ ಬೇರೆ ಯಾರಿದ್ದಾರೆ?”

ಬೀರ್ ಸಫ್ಸಾಫ್‌ನಲ್ಲಿ ಬಸ್ಸಿನಿಂದ ಇಳಿದಾಗ ಧೂಳಿನಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ತಿಜಾನಿ ಕೆಮ್ಮಿ ಕೆಮ್ಮಿ ಬಗ್ಗಿಹೋದ. ದಲಂದಾ ಸೂಟ್‌ಕೇಸನ್ನು ಎತ್ತಿಕೊಂಡು ಸರಸರ ನಡೆದಳು.

ಆ ಊರಲ್ಲಿ ತನಿಖಾ ನ್ಯಾಯಾಧೀಶರ ಕುರ್ಚಿ ಎರಡು ವರ್ಷದಿಂದ ಖಾಲಿಯಿತ್ತು. ಆದರೂ ನ್ಯಾಯಾಲಯದ ಅಂಗಳದ ತುಂಬ ಜನ. ಖರ್ಜೂರದ ತೋಟದವರು, ಪೆಟ್ರೋಲ್ ಹಾಕುವವನು, ಶಾಲೆಯ ಮೇಷ್ಟ್ರು, ಒಟ್ಟು ನಲವತ್ತು ಮಂದಿ ಇದ್ದಿರಬೇಕು. ಎಲ್ಲರ ಮುಂದೆ ಆ ವಿಧವೆ ಮಬ್ರೂಕಾ ನಿಂತಿದ್ದಳು.

“ಇವರೆಲ್ಲ ಕಣ್ಣಾರೆ ಕಂಡವರು, ತಾಯಿ. ನೀವು ಫೋನಲ್ಲಿ ಹೇಳಿದ ಹಾಗೇ ಕರ್ಕೊಂಡು ಬಂದೀನಿ,” ಎಂದಳು.

ದಲಂದಾ ಕುರ್ಚಿಯ ಧೂಳು ಕೊಡವಿ ಕೂತಳು. “ಕುರ್ಚಿಯಲ್ಲಿರೋವಾಗ ಅವನನ್ನ ಕರೆಸೋಕಾಗಲ್ಲ. ಆದರೆ ಸಾಕ್ಷಿ ಬರೆಸ್ಕೊಳ್ಳಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ. ಅವನು ಕುರ್ಚಿಯಿಂದ ಇಳಿದ ದಿನ ಕಡತ ತಯಾರಿರುತ್ತೆ. ದಫ್ತರ ತೆಗೀರಿ, ಸೀ ತಿಜಾನಿ.”

“ಯಾರ ಮೇಲಿನ ಕಡತ ಲಲ್ಲಾ? ಗೋಡೆಯ ಕೇಸು ಮುಗೀತಲ್ಲ?” ಎಂದ ತಿಜಾನಿ, ದಫ್ತರ ಬಿಚ್ಚುತ್ತ.

ಎರಡು ವರ್ಷದ ಹಿಂದೆ ಈ ಊರಿನ ರಸ್ತೆಯಲ್ಲಿ ಆದದ್ದನ್ನು ಅರಮನೆ ಎಷ್ಟು ಬಿಗಿಯಾಗಿ ಮುಚ್ಚಿಟ್ಟಿತ್ತೆಂದರೆ, ಎತ್ತಂಗಡಿಯ ಆದೇಶ ಬರೆದವರಿಗೂ ಅದರ ಸುಳಿವಿರಲಿಲ್ಲ.

“ಗೋಡೆ ಹಾಳಾಗಿ ಹೋಗ್ಲಿ, ನನ್ನನ್ನ ಇಲ್ಲಿಗೆ ತಲುಪಿಸೋಕೆ ನಿಮ್ಮ ಬಾಯಿ ಬೇಕಿತ್ತು ಅಷ್ಟೇ, ಈಗ ಬರೀರಿ, ಮಬ್ರೂಕಾಳ ಗಂಡನಿಗೆ ಗುದ್ದಿದ ಕಾರು ಓಡಿಸ್ತಿದ್ದವನು ನೌಫಲ್ ಝರ್ರೂಕ್.”