ಹಸಿರು ಕಾಲರಿನ ವರ

ನಮ್ಮ ಕಡೆ ಈಗ ಜಾತಕದ ಬದಲು ಬಲ್ಬು ಹಿಡಿದು ನೋಡುತ್ತಾರೆ. ಕೋಳಿಗೊಬ್ಬರ ಹಾಕಿ ಬೆಳೆದ ಸೊಪ್ಪು ತಿಂದವರ ಮೈಯಲ್ಲಿ ಸತು, ಹಂದಿಗೊಬ್ಬರದ ಟೊಮೇಟೊ ತಿಂದವರ ಮೈಯಲ್ಲಿ ತಾಮ್ರ. ಎರಡೂ ಸೇರಿದರೆ ಬೆಳಕು, ಮದುವೆ. ನಾನೂ ಮುನಿರಾಜುವೂ ಕೋಳಿಗೊಬ್ಬರದ ಊರಿನವರು, ಇಬ್ಬರದೂ ಸತುವೇ; ಬಲ್ಬು ಹತ್ತುವ ಹಾಗಿಲ್ಲ. ನನಗೋ ಅವನೇ ಬೇಕು.

ಹೆಣ್ಣು ನೋಡಲು ಬಂದ ಮುನಿರಾಜುವಿನ ಬಿಳಿ ಕಾಲರು ಬೆವರಿಗೆ ಹಸಿರಾಗಿತ್ತು. ಅಜ್ಜಿ ನಮ್ಮಿಬ್ಬರ ಬೆರಳ ನಡುವೆ ಬಲ್ಬು ಇಟ್ಟಳು. ಝಗ್ಗನೆ ಹತ್ತಿತು!

"ಅದೆಂಗೋ?" ಅಂದಳು ಅಜ್ಜಿ.

"ಯುಗಾದಿಯಿಂದ ಬರೀ ಹಂದಿಗೊಬ್ಬರದ ಟೊಮೇಟೊ ತಿಂತಾ ಇದ್ದೀನಿ ಅಜ್ಜಿ," ಅಂದ ಮುನಿರಾಜು, ತಾಮ್ರದ ಕಿಲುಬು ಹತ್ತಿದ ಕಾಲರು ತೋರಿಸಿ.

ನನಗೆ ನಗು ತಡೆಯಲಾಗಲಿಲ್ಲ. ನಕ್ಕಷ್ಟೂ ಬಲ್ಬು ಜೋರಾಗಿ ಉರಿಯಿತು. ಅಜ್ಜಿ ಕಣ್ಣಿಗೆ ಸೆರಗು ಅಡ್ಡ ಹಿಡಿದಳು.

"ಮಾಡ್ಕೊಳ್ಳಿ ಮದ್ವೆ! ನಿಮ್ ಮಗೀನ ತೊಟ್ಟಿಲ ಹತ್ರ ದೀಪ ಇಕ್ಕೋ ಕೆಲ್ಸಾನೇ ಇರಲ್ಲ."