ಎಪ್ಪತ್ತು ಗ್ರಾಂ

ಮರೆವಿನ ಕಾಯಿಲೆಯಿದ್ದ ನನ್ನ ಹೆಂಡತಿ ಮಧ್ಯಾಹ್ನ ಕಬ್ಬಿನ ಗದ್ದೆಯೊಳಗೆ ಹೋದವಳು ಹಿಂದಿರುಗಿರಲಿಲ್ಲ. ಗದ್ದೆ ಮೂವತ್ತು ಎಕರೆ. ಕಬ್ಬು ಆಳೆತ್ತರವನ್ನು ಮೀರಿತ್ತು. ಹುಡುಕುತ್ತಿದ್ದವರು ನಾಲ್ವರು. ಕತ್ತಲಾಗಲು ಒಂದೂವರೆ ಗಂಟೆ ಉಳಿದಿತ್ತು. ಹೆಸರು ಹಿಡಿದು ಕೂಗಿದರೆ ಅವಳು ಓಗೊಡುತ್ತಿರಲಿಲ್ಲ. ಮೂರು ತಿಂಗಳಿಂದ ನನ್ನ ಗುರುತೂ ಅವಳಿಗೆ ಇರಲಿಲ್ಲ.

ನಾನೇ ಜೋಡಿಸಿದ್ದ ರಿಮೋಟ್ ವಿಮಾನವನ್ನು ಅಟ್ಟದಿಂದ ಇಳಿಸಿದೆ. ಮಗಳು ತಂದ ಪುಟ್ಟ ಕ್ಯಾಮೆರಾವನ್ನು ತಕ್ಕಡಿಯಲ್ಲಿಟ್ಟೆ. ಎಪ್ಪತ್ತು ಗ್ರಾಂ.

"ಕಟ್ಟಿಬಿಡಿ ಅಪ್ಪಾ, ಎಪ್ಪತ್ತು ಗ್ರಾಂ ಏನು ಮಹಾ?"

"ಅಷ್ಟು ಹೆಚ್ಚಾದ್ರೆ ಮೇಲೇಳಲ್ಲ. ಅಷ್ಟೇ ತೂಕ ತೆಗೀಬೇಕು."

"ಗಾಲಿ ಬಿಚ್ಚಿದ್ರೆ?"

"ಮೂವತ್ತೇ ಗ್ರಾಂ. ಸಾಲದು."

ಇಂಜಿನ್ನಿನ ಸೈಲೆನ್ಸರ್ ಬಿಚ್ಚಿ ತೂಗಿದೆ. ಎಪ್ಪತ್ತೆರಡು.

"ಅಯ್ಯೋ, ಅದು ಅಮ್ಮ ಜಗಳ ಮಾಡಿ ಹಾಕಿಸಿದ್ದಲ್ವಾ? ಆ ಸದ್ದು ಅಂದ್ರೆ ಅವಳಿಗೆ ಆಗ್ತಿರಲಿಲ್ಲ."

"ಮೊದಲು ಅವಳು ಸಿಗಲಿ."

ಸೈಲೆನ್ಸರ್ ಇದ್ದ ಕಡೆಯಲ್ಲೇ ಕ್ಯಾಮೆರಾ ಕಟ್ಟಿದೆ, ಸಮತೋಲ ಕೆಡಲಿಲ್ಲ. ವಿಮಾನ ಅಬ್ಬರಿಸುತ್ತ ಏರಿತು. ಗದ್ದೆಯ ಮೇಲೆ ಏಳು ಸುತ್ತು ಹಾರಿಸಿದೆ. ಮಗಳ ಮೊಬೈಲಿನಲ್ಲಿ ಕಬ್ಬಿನ ಸೋಗೆಯ ಹೊರತು ಬೇರೇನೂ ಮೂಡಲಿಲ್ಲ. ಇಂಧನ ಮುಗಿಯುತ್ತ ಬಂದಿತ್ತು.

"ಏನೂ ಕಾಣ್ತಿಲ್ಲ ಅಪ್ಪಾ," ಎಂದು ಮಗಳು ಅಳತೊಡಗಿದಳು.

ಬದುವಿನ ಬಳಿ ಕಬ್ಬು ಅಲುಗಿತು. ನನ್ನ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಹೊರಬಂದು, ನೇರವಾಗಿ ನನ್ನೆದುರು ನಿಂತಳು.

"ಇದಕ್ಕೆ ಸೈಲೆನ್ಸರ್ ಹಾಕಿಸಿ ಅಂತ ನಿಮಗೆ ಎಷ್ಟು ಸಲ ಹೇಳ್ಬೇಕು ರೀ?"