ಬೆನ್ನಿಗೆ ಬೆನ್ನು

"ತಿರುಗಬೇಡ ಅಕ್ಕ. ಪೂರ್ತಿ ತಿಂದ ಮೇಲೇ ಮಾತು," ಎಂದ ತಮ್ಮ.

ಫುಟ್‌ಪಾತಿನ ಮೇಲೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಕೈಯಲ್ಲಿ ಕಾಗದದ ತಟ್ಟೆ, ತಟ್ಟೆಯಲ್ಲಿ ಮಡಿಸಿದ ರೊಟ್ಟಿಯೊಳಗೆ ಕೋಳಿ ತುಂಬಿದ ಒಂದೊಂದು ಟಾಕೋ. ಈ ನಿಯಮ ತಮ್ಮ ಅವತ್ತು ಬೆಳಿಗ್ಗೆ ಮಾಡಿದ್ದು. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಮಾಡಿದವನು; ಒಬ್ಬರ ಮುಖ ನೋಡಿ ಇನ್ನೊಬ್ಬರ ಅಭಿಪ್ರಾಯ ಬದಲಾಗಬಾರದು ಎಂಬುದು ಅವನ ವಾದ. ಹಿಂದಿನ ದಿನವೆಲ್ಲ ನಗರದ ಅಗ್ಗದ ಟಾಕೋ ಗಾಡಿಗಳನ್ನು ಸುತ್ತಿ, ಇದರ ರೊಟ್ಟಿ ಬಿರಿಯುತ್ತದೆ, ಅದರ ಹೂರಣ ನೀರು ಬಿಡುತ್ತದೆ ಎಂದು ಅಳೆದು ತೂಗಿದ್ದರು. ಊರಿಗೆ ಮರಳಿ ತಾವೂ ಒಂದು ಗಾಡಿ ಇಡಬೇಕು. ಹಾಸ್ಟೆಲಿನ ಅಡುಗೆಮನೆಯಲ್ಲಿ ಪಳಗಿದ ಅಕ್ಕನ ನಾಲಿಗೆಯನ್ನು ನಂಬಿ ಅವನು ಡೇರಿಯ ಕೆಲಸ ಬಿಟ್ಟಿದ್ದ.

ತಮ್ಮ ಒಂದು ತುತ್ತು ಕಚ್ಚಿದ; ಕಚ್ಚಿದ್ದನ್ನು ಹಾಗೇ ಕಾಗದಕ್ಕೆ ಉಗಿದ. ಎಣ್ಣೆ ಕಮಟು. ಕೋಳಿ ಯಾವತ್ತಿನದೋ ಏನೋ. ನಿಯಮ ತನ್ನದೇ ಆದ್ದರಿಂದ ಬಾಯಿ ಬಿಗಿಹಿಡಿದು, ಅಕ್ಕ ಗಾಡಿಯವನನ್ನು ಬೈಯುವುದನ್ನೇ ಕಾದ. ಬೆನ್ನ ಹಿಂದೆ ಅಗಿಯುವ ಸದ್ದು ನಿಲ್ಲಲಿಲ್ಲ.

"ಆಯ್ತಪ್ಪ," ಎಂದಳು ಅಕ್ಕ, ಬೆರಳು ನೆಕ್ಕುತ್ತ. "ಎಲ್ಲಕ್ಕಿಂತ ಇದೇ ಚೆನ್ನಾಗಿದೆ. ಕೋಳಿ ಮೆತ್ತಗಿದೆ, ರೊಟ್ಟಿನೂ ಬಿರಿದಿಲ್ಲ." ತಿರುಗಿ ಅವನ ಮುಖ ನೋಡಿದ್ದೇ ತಡ, ಮಾತು ದಾರಿ ಬದಲಿಸಿತು. "ಅಂದ್ರೆ... ಎಣ್ಣೆ ಸ್ವಲ್ಪ ಜಾಸ್ತಿ ಅನ್ನು."

"ನಿನ್ನೆಯೆಲ್ಲ ಹೀಗೇ ಮಾಡಿದ್ದಾ? ನನ್ನ ಮುಖ ನೋಡ್ಕೊಂಡು ಹೇಳೋದು?"

"ಏನೋ ಬಡಬಡಿಸ್ತಿದೀಯ?"

"ಹಳಸಿದೆ ಅಕ್ಕ ಅದು. ನಾಯಿನೂ ಮೂಸಲ್ಲ."

ಅಕ್ಕ ಖಾಲಿ ತಟ್ಟೆಯನ್ನು ಮೂಗಿನ ತನಕ ಒಯ್ದಳು. ಆಮೇಲೆ ಸುಮ್ಮನೆ ಇಳಿಸಿದಳು. "ಆ ಜ್ವರ ಬಂತಲ್ಲ, ಆವಾಗಿಂದ ವಾಸನೆ ಗೊತ್ತಾಗಲ್ಲ ಕಣೋ. ಉಪ್ಪು, ಹುಳಿ, ಖಾರ ತಿಳಿಯುತ್ತೆ, ಅಷ್ಟೇ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ."

"ಜ್ವರ ಬಂದಿದ್ದು ಹೋದ ವರ್ಷ. ನಾನು ಕೆಲಸ ಬಿಟ್ಟಿದ್ದು ಹೋದ ತಿಂಗಳು. ಮಧ್ಯದಲ್ಲಿ ಒಂದಿನಾನೂ ಬಾಯಿ ಬಿಡೋಕೆ ಆಗಲಿಲ್ವಾ ನಿನಗೆ?"

"ಹೇಳಿದ್ರೆ ಹಾಸ್ಟೆಲಿನವರು ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡ್ತಿದ್ರು."

"ನಾನೇನು ಹಾಸ್ಟೆಲಿನವನಾ?"

ಅವಳ ಕಣ್ಣು ಅವನ ತಟ್ಟೆಯ ಮೇಲೆ ಬಿದ್ದಿತ್ತು: ಒಂದೇ ಕಡೆ ಕಚ್ಚಿದ ಟಾಕೋ, ಪಕ್ಕದಲ್ಲಿ ಮುದುಡಿದ ಕಾಗದ. "ಮೊದಲ ತುತ್ತಿಗೇ ಉಗಿದಿದೀಯ," ಎಂದಳು ಮೆಲ್ಲಗೆ.

"ಹೂಂ. ಮತ್ತಿನ್ನೇನು, ನುಂಗಬೇಕಿತ್ತಾ?"

"ನಾನು ತಿಂತಾನೇ ಇದ್ದೆ. ನಿನಗೆ ಕೇಳಿಸ್ತಾನೇ ಇತ್ತು."

"ನೀನೂ ಉಗೀತೀಯ ಅಂದ್ಕೊಂಡೆ. ಮಧ್ಯೆ ಹೇಳಿದ್ರೆ ಹೋಲಿಕೆ ಕೆಡ್ತಿತ್ತು."

"ಹೋಲಿಕೆ ಕೆಡಬಾರದು. ಅಕ್ಕನ ಹೊಟ್ಟೆ ಕೆಟ್ರೆ ಪರವಾಗಿಲ್ಲ. ಅಲ್ವೇನೋ?"

ತಮ್ಮನ ಕಿವಿಗಳು ಕೆಂಪಾದವು. ತಟ್ಟೆಯನ್ನು ಕಸದ ಡಬ್ಬಕ್ಕೆ ಅಪ್ಪಳಿಸಿ, ಮುಂದಿನ ಗಾಡಿಗೆ ದಾಪುಗಾಲು ಹಾಕಿ, ಇನ್ನೊಂದು ಟಾಕೋ ತಂದ. ಈ ಸಲ ಬೆನ್ನು ತಿರುಗಿಸಲಿಲ್ಲ. ಅವಳ ಎದುರಿಗೇ ನಿಂತು ಅರ್ಧ ಕಚ್ಚಿ ಅಗಿದ. ಉಳಿದರ್ಧವನ್ನು ಅವಳ ಕೈಗೆ ತುರುಕಿದ.

"ತಿನ್ನು. ತಿಂದು ಹೇಳು, ಹೇಗಿದೆ?"

ಅಕ್ಕ ಕಚ್ಚಿದಳು. ಅಗಿಯುತ್ತ ಅವನ ಹುಬ್ಬು ನೋಡಿದಳು, ಮೂಗಿನ ಹೊಳ್ಳೆ ನೋಡಿದಳು, ತುಟಿಯ ಕೊನೆ ನೋಡಿದಳು. ತೊಳೆದಿಟ್ಟ ತಟ್ಟೆಯ ಹಾಗಿತ್ತು ಅವನ ಮುಖ. ಒಂದು ಗೆರೆಯೂ ಅಲುಗಲಿಲ್ಲ.

ಅವಳು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸರಿ ಬಿಡು," ಎಂದಳು. "ಇವತ್ತಿಗೆ ನಿನ್ನ ಮುಖದಲ್ಲೂ ರುಚಿ ಹೋಯ್ತು."